ಗಿಟ್ಟಿದರೆ ಅದಿರು, ಗಿಟ್ಟದಿದ್ದರೆ ಕಲ್ಲು

ಕೇಳುಗರಿಗೆ ನಮಸ್ಕಾರ. ನಾನು ಭೂವಿಜ್ಞಾನಿ ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಒಂದೇ ಮಾತು: "ನೆಲದಡಿ ಚಿನ್ನ ಎಷ್ಟಿದೆ?" ಪ್ರಶ್ನೆಯೇ ಸರಿಯಿಲ್ಲ ಸ್ವಾಮಿ! ಇರುವುದು ಬೇರೆ, ಗಿಟ್ಟುವುದು ಬೇರೆ. ತೆಗೆಯುವ ಖರ್ಚು ಗಿಟ್ಟಿದರೆ ಅದು ಅದಿರು. ಗಿಟ್ಟದಿದ್ದರೆ ಬರೀ ಕಲ್ಲು.

ನನಗೆ ಬಹಳ ಇಷ್ಟವಾದ ಕಥೆಯೊಂದಿದೆ. ಫ್ರಿಟ್ಜ್ ಹಾಬರ್ ಅಂತ, 1918ರ ನೊಬೆಲ್ ಪಡೆದ ಜರ್ಮನ್ ರಸಾಯನ ವಿಜ್ಞಾನಿ. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯ ತಲೆ ಮೇಲೆ ಪರಿಹಾರದ ದೊಡ್ಡ ಹೊರೆ. ಸಮುದ್ರದ ನೀರಿನಲ್ಲಿ ಕರಗಿರುವ ಚಿನ್ನ ತೆಗೆದು ಅದನ್ನು ತೀರಿಸೋಣ ಅಂತ ಹೊರಟರು ಹಾಬರ್. ಹಿಂದಿನವರ ಲೆಕ್ಕದಲ್ಲಿ ಒಂದು ಟನ್ ನೀರಿಗೆ ಕೆಲವು ಮಿಲಿಗ್ರಾಂ ಚಿನ್ನ. ಸುಮ್ನೆ ನಂಬಲಿಲ್ಲ ಅವರು. ಹಡಗಿನಲ್ಲೇ ಪ್ರಯೋಗಾಲಯ ಹೂಡಿ ಅಟ್ಲಾಂಟಿಕ್ ದಾಟಿದರು. ಬೇರೆ ಬೇರೆ ಕಡಲಿನ ನೀರು ತರಿಸಿದರು. ನೋಡಿದರೆ, ಪಾತ್ರೆಗಳಲ್ಲಿ, ಹಾಕುವ ರಾಸಾಯನಿಕಗಳಲ್ಲಿ ಇದ್ದ ಚಿನ್ನದ ಸೋಂಕೇ ಹಳೆಯ ಲೆಕ್ಕವನ್ನು ಉಬ್ಬಿಸಿತ್ತು! 1927ರಲ್ಲಿ ಅವರು ಪ್ರಕಟಿಸಿದ ಅಂಕಿ, ಟನ್ನಿಗೆ 0.004 ಮಿಲಿಗ್ರಾಂ. ಅಂದುಕೊಂಡಿದ್ದರ ಸಾವಿರದಲ್ಲೊಂದು ಪಾಲು. ಕಡಲಲ್ಲಿ ಚಿನ್ನ ಈಗಲೂ ಇದೆ. ಗಿಟ್ಟುವುದಿಲ್ಲ, ಅಷ್ಟೇ.

ನೆಲದಲ್ಲೂ ಇದೇ ಕಥೆ. ಯಂತ್ರ ಕೊರೆದು ಎತ್ತುವ ಕಲ್ಲಿನ ಕೋಲಿಗೆ ಕೋರ್ ಅಂತೀವಿ. ಮಣಿಕಟ್ಟಿನಷ್ಟು ದಪ್ಪ. ಅದನ್ನು ಉದ್ದಕ್ಕೆ ಸೀಳಿ ಅರ್ಧ ಪರೀಕ್ಷೆಗೆ ಕಳಿಸಿ, ಇನ್ನರ್ಧ ಪೆಟ್ಟಿಗೆಯಲ್ಲಿ ಇಡುತ್ತೇವೆ, ನಾಳೆ ಯಾರಾದರೂ ಅನುಮಾನ ಪಟ್ಟರೆ ಬೇಕಲ್ಲ! ಆದರೆ ಒಂದು ತೂತಿಗೂ ಇನ್ನೊಂದಕ್ಕೂ ನಡುವೆ ಹತ್ತಾರು ಮೀಟರ್ ಕಲ್ಲು. ಅದನ್ನು ಯಾರು ನೋಡಿದ್ದಾರೆ? ಅಲ್ಲಿರುವುದು ಅಂದಾಜು. ತೂತುಗಳು ಹತ್ತಿರವಾದಷ್ಟೂ ಅಂದಾಜು ಗಟ್ಟಿ.

ಆಮೇಲೆ ಒಂದು ಗೆರೆ ಎಳೆಯುತ್ತೇವೆ, ಕಟ್‌ಆಫ್ ಅಂತ. ಟನ್ನಿಗೆ ಅದಕ್ಕಿಂತ ಕಡಿಮೆ ಚಿನ್ನವಿದ್ದರೆ ತೆಗೆಯುವ ಖರ್ಚು ಗಿಟ್ಟುವುದಿಲ್ಲ. ಗೆರೆ ಟನ್ನಿಗೆ 1 ಗ್ರಾಂ ಅನ್ನಿ. 0.8 ಗ್ರಾಂ ಇರುವ ಕಲ್ಲಿನಲ್ಲೂ ಚಿನ್ನವಿದೆ ಅಲ್ವಾ? ಇದೆ. ಆದರೂ ಅದು ಲೆಕ್ಕದಿಂದ ಹೊರಗೆ. ನಾಳೆ ಚಿನ್ನದ ಬೆಲೆ ಬಿದ್ದರೆ ಗೆರೆ ಮೇಲೇರುತ್ತದೆ. ಆಗ ಒಂದು ಹಿಡಿ ಮಣ್ಣೂ ತೆಗೆಯದೆ ಗಣಿಯ ರಿಸರ್ವ್, ಅಂದರೆ ಗಿಟ್ಟುವ ಪಾಲು, ಕುಗ್ಗಿಬಿಡುತ್ತದೆ. ಪತ್ರಿಕೆಯಲ್ಲಿ ಬರುವ ಭಾರಿ ನಿಕ್ಷೇಪದ ಸುದ್ದಿ ಎಷ್ಟೋ ಸಲ ಇರುವುದರ ಲೆಕ್ಕ, ಗಿಟ್ಟುವುದರದ್ದಲ್ಲ. ಓದುವಾಗ ನನಗೆ ಸಿಟ್ಟೇ ಬರುತ್ತದೆ.

ಮೇಲ್ಮಣ್ಣು ತೆಗೆಯುವ ಖರ್ಚು, ನೀರು, ರಸ್ತೆ, ಅರೆಯುವಾಗ ಕೈತಪ್ಪುವ ಚಿನ್ನ, ಇವನ್ನೂ ಹೇಳಬೇಕಿತ್ತು. ಹಾಬರ್ ನನ್ನ ಸಮಯವನ್ನೆಲ್ಲ ತಿಂದುಬಿಟ್ಟರು. ನಮಸ್ಕಾರ.