ಅರವತ್ತು ಕುರ್ಚಿ, ಒಂದು ಪರದೆ: ನಮ್ಮೂರಲ್ಲೇ ಸಿನಿಮಾ ತೋರಿಸೋಣ

[ದೃಶ್ಯ: ಹುಬ್ಬಳ್ಳಿಯ ಒಂದು ರಸ್ತೆ. ಗೋಡೆಯ ಮೇಲೆ ಅರ್ಧ ಹರಿದ ಪೋಸ್ಟರ್]

ನಮಸ್ಕಾರ. ಹೋದ ವರ್ಷ ಒಂದು ಸಣ್ಣ ಕನ್ನಡ ಸಿನಿಮಾ ನೋಡಲು ಧಾರವಾಡದಿಂದ ಬಸ್ ಹತ್ತಿ ಹುಬ್ಬಳ್ಳಿಗೆ ಬಂದೆ. ಸಿನಿಮಾ ಬಿಡುಗಡೆಯಾಗಿ ಐದೇ ದಿನ ಆಗಿತ್ತು. ಟಿಕೆಟ್ ಕೊಡುವವರು, "ಆ ಪಿಕ್ಚರ್ ತೆಗೆದ್ರಲ್ರೀ" ಅಂದರು. ಅವತ್ತು ನಿಜಕ್ಕೂ ಬೇಜಾರಾಯಿತು.

ಯಾಕೆ ಹೀಗಾಗುತ್ತದೆ? ದೊಡ್ಡ ಪ್ರಚಾರಕ್ಕೆ ದುಡ್ಡಿಲ್ಲದ ಸಿನಿಮಾ ಬಾಯಿಂದ ಬಾಯಿಗೆ ಹೋಗಿಯೇ ಓಡಬೇಕು. ಅದಕ್ಕೆ ಎರಡು ಮೂರು ವಾರವಾದರೂ ಬೇಕು. ಆದರೆ ಸಿಗುವುದು ಬೆಳಗಿನ ಒಂದು ಷೋ, ಅದೂ ಶುಕ್ರವಾರದಿಂದ ಗುರುವಾರದವರೆಗೆ. ಮೇಲೆ ಥಿಯೇಟರ್ ಬಾಡಿಗೆ, ಡಿಜಿಟಲ್ ಪ್ರದರ್ಶನದ ಶುಲ್ಕ ಬೇರೆ. ಸುದ್ದಿ ನಮ್ಮ ಓಣಿಗೆ ಬರುವಷ್ಟರಲ್ಲಿ ಸಿನಿಮಾ ಊರು ಬಿಟ್ಟಿರುತ್ತದೆ.

'ಶಿವಮ್ಮ' ಸಿನಿಮಾ ನೆನಪಿದೆಯಾ? ಗದಗದ ಪಕ್ಕದ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ ತೆಗೆದದ್ದು. ಊರಿನ ಜನರೇ ಪಾತ್ರ ಮಾಡಿದ್ದಾರೆ, ಮಾತೆಲ್ಲ ನಮ್ಮ ಕಡೆಯದೇ. ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ 2022ರಲ್ಲೇ ಅದಕ್ಕೆ ಪ್ರಶಸ್ತಿ ಬಂತು. ನಮ್ಮ ಥಿಯೇಟರ್‌ಗಳಿಗೆ ಬಂದದ್ದು 2024ರ ಜೂನ್‌ನಲ್ಲಿ. ನಮ್ಮ ಮಾತಿನ ಸಿನಿಮಾವನ್ನು ಕೊರಿಯಾದವರು ಮೊದಲು ನೋಡಿದರು!

[ದೃಶ್ಯ: ಖಾಲಿ ಸಭಾಭವನ, ಜಮಖಾನ ಹಾಸುತ್ತಿರುವ ಹುಡುಗರು]

ಇದಕ್ಕೆ ಒಂದು ದಾರಿ ಸಮುದಾಯ ಸಿನಿಮಾ. ಅಂದರೆ ಊರವರೇ ಸೇರಿ ಸಿನಿಮಾ ಆರಿಸಿ, ಜಾಗ ಹೊಂದಿಸಿ, ಕೂತು ನೋಡಿ, ಆಮೇಲೆ ಅದರ ಬಗ್ಗೆ ಮಾತಾಡುವುದು. ಇದೇನು ಹೊಸದಲ್ಲ. ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನಂಥ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು 1973ರಲ್ಲೇ ನೀನಾಸಂ ಚಿತ್ರಸಮಾಜ ಅನ್ನುವ ಸಿನಿಮಾ ನೋಡುವವರ ಸಂಘ ಶುರು ಮಾಡಿದರು. ಅಡಿಕೆ ತೋಟದ ಜನ ಜಗತ್ತಿನ ಸಿನಿಮಾ ನೋಡಿದರು.

ನಮ್ಮ ಕಡೆ ಇದು ಇನ್ನೂ ಸುಲಭ ಅಂತ ನನಗೆ ಅನಿಸುತ್ತದೆ. ಕಂಪನಿ ನಾಟಕ ನೋಡಲು ಚಕ್ಕಡಿ ಕಟ್ಟಿಕೊಂಡು ಹೋಗಿ ರಾತ್ರಿಯೆಲ್ಲ ಕೂತ ಜನ ನಾವು. ಹಾವೇರಿ ಜಿಲ್ಲೆಯ ಹಾನಗಲ್ ತಾಲೂಕಿನ ಶೇಷಗಿರಿ ನೋಡಿ, ಪುಟ್ಟ ಹಳ್ಳಿ. ಅಲ್ಲಿ ಊರಿನದೇ ನಾಟಕ ತಂಡ ಇದೆ, ರಂಗಮಂದಿರವೂ ಇದೆ. ಇಂಥ ಕಡೆ ಇಲ್ಲದಿರುವುದು ಒಂದು ಪ್ರೊಜೆಕ್ಟರ್ ಅಷ್ಟೇ, ಅಲ್ವಾ?

ಪ್ರೊಜೆಕ್ಟರ್‌ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಹಾಲ್ ಚೆನ್ನಾಗಿ ಕತ್ತಲಾದರೆ 10 ಅಡಿ ಅಗಲದ ಪರದೆಗೆ 3,000 ಲುಮೆನ್ಸ್ (ಪ್ರೊಜೆಕ್ಟರ್ ಬೆಳಕಿನ ಅಳತೆ) ಸಾಕು. ತೊಂದರೆ ಕೊಡುವುದು ಧ್ವನಿ. ನಮ್ಮ ಕಲ್ಯಾಣ ಮಂಟಪಗಳಲ್ಲಿ ಮಾತು ಗೋಡೆಗೆ ಬಡಿದು ಗುಂಯ್ ಅನ್ನುತ್ತದೆ. ನೆಲಕ್ಕೆ ಜಮಖಾನ ಹಾಸಿ, ಕಿಟಕಿಗೆ ದಪ್ಪ ಪರದೆ ಬಿಡಿ. ಹಿಂದಿನ ದಿನವೇ ಸಿನಿಮಾ ಹಾಕಿ, ಕೊನೆಯ ಸಾಲಿನಲ್ಲಿ ಕೂತು ಕೇಳಿ. ಅಲ್ಲಿ ಮಾತು ತಿಳಿಯದಿದ್ದರೆ ಜನ ಎದ್ದು ಹೋಗುತ್ತಾರೆ.

ಇನ್ನು ಅನುಮತಿ. ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. ನಿಮ್ಮ ಓಟಿಟಿ ಚಂದಾ ಮನೆಯಲ್ಲಿ ನೋಡಲು ಮಾತ್ರ. ಹತ್ತು ಜನರ ಮುಂದೆ ಸಾರ್ವಜನಿಕವಾಗಿ ಹಾಕಬೇಕಾದರೆ ಹಕ್ಕು ಇರುವವರ ಲಿಖಿತ ಒಪ್ಪಿಗೆ ಬೇಕು, ಸಿನಿಮಾಕ್ಕೆ ಸೆನ್ಸಾರ್ ಪ್ರಮಾಣಪತ್ರವೂ ಇರಬೇಕು. ಹೆದರಬೇಡಿ. ಸ್ವತಂತ್ರ ಸಿನಿಮಾಗಳಲ್ಲಿ ಎಷ್ಟೋ ಸಲ ನಿರ್ದೇಶಕರಿಗೇ ನೇರವಾಗಿ ಬರೆದು ಕೇಳಬಹುದು.

ಮತ್ತೆ, ಸುಮ್ನೆ ಪುಕ್ಕಟೆ ಕೇಳಬೇಡಿ. ನೂರು ರೂಪಾಯಿಯಂತೆ 60 ಜನ ಬಂದರೆ 6,000 ರೂಪಾಯಿ. ಅದರಲ್ಲಿ ಅರ್ಧ ಸಿನಿಮಾ ಮಾಡಿದವರಿಗೆ ಹೋಗಲಿ. ವರ್ಷಗಟ್ಟಲೆ ಸಾಲ ಮಾಡಿ ಸಿನಿಮಾ ಮಾಡಿರುತ್ತಾರೆ. ಇಂಥ ಹತ್ತು ಊರು ಸೇರಿದರೆ ಅವರಿಗೆ ದೊಡ್ಡ ಆಸರೆ.

[ದೃಶ್ಯ: ಸಿನಿಮಾ ಮುಗಿದು ದೀಪ ಹತ್ತಿದೆ, ಯಾರೂ ಎದ್ದಿಲ್ಲ]

ಮೊದಲ ಪ್ರದರ್ಶನಕ್ಕೆ ಎರಡನೇ ಶನಿವಾರ ಸಂಜೆ ಇಟ್ಟುಕೊಳ್ಳಿ, ಸರ್ಕಾರಿ ನೌಕರರಿಗೆ ರಜೆ. ಪ್ರತಿ ತಿಂಗಳೂ ಅದೇ ದಿನ, ಅದೇ ಜಾಗ ಇರಲಿ. ಸಿನಿಮಾ ಮುಗಿದ ಕೂಡಲೇ ಭಾಷಣ ಬೇಡ. ಚಹಾ ಕೊಡಿ, ಕುರ್ಚಿ ದುಂಡಗೆ ಹಾಕಿ. ಹಿಂದೆ ಕೂತ ಅಜ್ಜಿಯನ್ನು ಮೊದಲು ಕೇಳಿ: "ಹೆಂಗನಿಸ್ತು ಅಮ್ಮಾ?"