ಡ್ರಾಯರಿನಲ್ಲಿ ಮಲಗಿದ ಬ್ಯಾಟರಿ

ಕೇಳುಗರಿಗೆಲ್ಲ ನಮಸ್ಕಾರ.

ಯುಪಿಎಸ್‌ನ ಹಳೆಯ ಬ್ಯಾಟರಿಯನ್ನು ಮನೆಯ ಮುಂದೆ ಇಟ್ಟು ನೋಡಿ, ಸಂಜೆಯೊಳಗೆ ಗುಜರಿಯವರು ಬಂದು ಬೆಲೆ ಕೇಳುತ್ತಾರೆ. ಅದರೊಳಗಿನ ಸೀಸಕ್ಕೆ ತೂಕದ ಲೆಕ್ಕದಲ್ಲಿ ದುಡ್ಡು ಹುಟ್ಟುತ್ತದೆ. ಲ್ಯಾಪ್‌ಟಾಪಿನ ಬ್ಯಾಟರಿಗೆ ಆ ಭಾಗ್ಯವಿಲ್ಲ. ನಮ್ಮ ಬೀದಿಗೆ ಬರುವ ಗುಜರಿಯವರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದು ಬೇಡ ಸ್ವಾಮಿ" ಎಂದು ಹಿಂದಕ್ಕೆ ಕೊಟ್ಟರು. ಯಾರಿಗೂ ಬೇಡವಾದದ್ದು ಮೇಜಿನ ಡ್ರಾಯರು ಸೇರಿತು. ಬೀಗದ ಕೈ, ಚಿಲ್ಲರೆ ಕಾಸು, ಸ್ಟೇಪ್ಲರ್ ಪಿನ್ನುಗಳ ನಡುವೆ ಮೂರು ವರ್ಷ ಮಲಗಿತ್ತು.

ಆ ನೆರೆಹೊರೆಯೇ ಒಳ್ಳೆಯದಲ್ಲ. ಚಾರ್ಜು ನಿಲ್ಲುವುದಿಲ್ಲವೆಂದು ನಾವು ತೆಗೆದಿಟ್ಟ ಬ್ಯಾಟರಿ ಪೂರ್ತಿ ಸತ್ತಿರುವುದಿಲ್ಲ. ಹಳೆಯ ಮಾದರಿಯ, ಕಳಚಿ ತೆಗೆಯುವ ಬ್ಯಾಟರಿಯೊಳಗೆ ಸಾಮಾನ್ಯವಾಗಿ ಆರು ಸೆಲ್‌ಗಳಿರುತ್ತವೆ. ಒಂದೊಂದೂ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಒಂದೆರಡು ಸೊರಗಿದರೆ ಇಡೀ ಕಟ್ಟು ಕೈಕೊಡುತ್ತದೆ, ಮಿಕ್ಕವುಗಳಲ್ಲಿ ಶಕ್ತಿ ಉಳಿದೇ ಇರುತ್ತದೆ. ಲೋಹದ ತುಂಡೊಂದು ಎರಡು ತುದಿಗಳನ್ನು ಕೂಡಿಸಿದರೆ ಆ ಶಕ್ತಿ ಒಮ್ಮೆಗೇ ಹೊರಬೀಳಬಹುದು. ಒಳಗೆ ರಕ್ಷಣೆಯ ಸರ್ಕ್ಯೂಟ್ ಇರುತ್ತದೆ, ನಿಜ. ಬ್ಯಾಟರಿಗಾದಷ್ಟೇ ವಯಸ್ಸು ಅದಕ್ಕೂ ಆಗಿರುತ್ತದೆ.

ಇದು ಲಿಥಿಯಂ ಅಯಾನ್ ಜಾತಿಯ ಬ್ಯಾಟರಿ. 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದದ್ದು. ಒಳಗಿನ ಎರಡು ಪದರಗಳನ್ನು ಬೇರ್ಪಡಿಸುವುದು ತೆಳುವಾದ ಪ್ಲಾಸ್ಟಿಕ್ ಹಾಳೆ. ಅವುಗಳ ಮಧ್ಯೆ ಇರುವ ದ್ರಾವಣ ಬೆಂಕಿ ಹಿಡಿಯುವಂಥದ್ದು. ಹಾಳೆ ಹರಿದರೆ ಕಾವು ಕಾವನ್ನೇ ಹೆರುತ್ತಾ ಹೋಗುತ್ತದೆ. 2006ರಲ್ಲಿ ಡೆಲ್ ಕಂಪನಿ, ಸೋನಿ ತಯಾರಿಸಿದ ಸುಮಾರು 41 ಲಕ್ಷ ಬ್ಯಾಟರಿಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ತಯಾರಿಕೆಯ ಹೊತ್ತಿನಲ್ಲಿ ಸೆಲ್ಲಿನೊಳಗೆ ಸೇರಿಕೊಂಡ ಲೋಹದ ಕಣಗಳು ಅದಕ್ಕೆ ಕಾರಣ. ಕಣದಿಂದ ಇಷ್ಟು ರಂಪವಾದರೆ, ಕಸದ ಲಾರಿಯಲ್ಲಿ ಕಸವನ್ನು ಅದುಮುವ ಯಂತ್ರದ ಕೆಳಗೆ ಸಿಕ್ಕ ಬ್ಯಾಟರಿಯ ಗತಿಯನ್ನು ಊಹಿಸಿಕೊಳ್ಳಿ. ಆಗ ಲಾರಿಯ ಪಕ್ಕದಲ್ಲಿ ನಿಂತಿರುವವರು ಪೌರಕಾರ್ಮಿಕರು, ನಾವಲ್ಲ.

ಇನ್ನು, ಟಚ್‌ಪ್ಯಾಡ್ ಒತ್ತಲು ಗಟ್ಟಿಯಾಯಿತು, ಲ್ಯಾಪ್‌ಟಾಪಿನ ಮುಚ್ಚಳ ಸರಿಯಾಗಿ ಕೂರುತ್ತಿಲ್ಲ ಅನ್ನಿಸಿದರೆ ಬ್ಯಾಟರಿ ಉಬ್ಬಿದೆಯೇನೋ ನೋಡಿ. ದ್ರಾವಣ ಕೆಟ್ಟು ಅನಿಲವಾಗಿ ಹೀಗೆ ಊದಿಕೊಳ್ಳುತ್ತದೆ. ಮೊದಲು ಚಾರ್ಜರ್ ಕಳಚಿ, ಯಂತ್ರವನ್ನು ಆರಿಸಿ. "ಸೂಜಿಯಿಂದ ಚುಚ್ಚಿ ಗಾಳಿ ಬಿಟ್ಟರಾಯಿತು" ಎಂದು ಸಲಹೆ ಕೊಡುವ ಧೀರರು ಪ್ರತಿ ಕಚೇರಿಯಲ್ಲೂ ಒಬ್ಬರಿರುತ್ತಾರೆ. ಅವರ ಮಾತು ಕೇಳಬೇಡಿ. ಒತ್ತಿ ಕೂರಿಸುವುದೂ ಬೇಡ. ರಿಪೇರಿಯವರಿಂದ ತೆಗೆಸಿ. ಅಕಸ್ಮಾತ್ ಹೊಗೆ ಕಾಣಿಸಿಕೊಂಡರೆ ಅದನ್ನು ಉಸಿರಾಡದೆ ಮನೆಮಂದಿಯೆಲ್ಲ ಹೊರಗೆ ಬಂದು, 112ಕ್ಕೆ ಕರೆ ಮಾಡಿ.

ಉಬ್ಬದ ಬ್ಯಾಟರಿಗೆ ಅಷ್ಟು ಗಾಬರಿ ಬೇಡ. ಲೋಹದ ತುದಿಗಳ ಮೇಲೆ ಟೇಪ್ ಅಂಟಿಸಿ, ಒಂದೊಂದನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಬಿಸಿಲು ಒಲೆಗಳಿಂದ ದೂರವಿಡಿ. ಉಬ್ಬಿದ್ದಾದರೆ ಲೋಹದ ಡಬ್ಬಿಯಲ್ಲಿ ಒಣ ಮರಳಿನ ಮೇಲಿಟ್ಟು, ಮುಚ್ಚಳವನ್ನು ಬಿಗಿಯದೆ, ಮನೆಯ ಹೊರಗೆ ಮಳೆ ತಾಗದ ಕಡೆ ಇರಿಸಿ. ತಿಂಗಳುಗಟ್ಟಲೆ ಅಲ್ಲ, ಒಯ್ದು ಕೊಡುವವರೆಗೆ.

ಕೊಡುವುದೆಲ್ಲಿ? 2001ರ ನಿಯಮಗಳು ಸೀಸದ ಬ್ಯಾಟರಿಗಳನ್ನಷ್ಟೇ ಗಮನಿಸಿದ್ದವು. 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಎಲ್ಲ ಬಗೆಯ ಬ್ಯಾಟರಿಗಳಿಗೂ ಅನ್ವಯಿಸುತ್ತವೆ. ಹಳೆಯದನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಬೇರೆ ಕಸದೊಂದಿಗೆ ಬೆರೆಸದೆ ಕೊಡುವ ಹೊಣೆ ನಮ್ಮದು. ಕಸದ ತೊಟ್ಟಿಯ ಮೇಲೆ ಅಡ್ಡಗೀಟು ಹೊಡೆದ ಚಿತ್ರ ಬ್ಯಾಟರಿಯ ಮೇಲೆ ಇರುತ್ತದಲ್ಲ, ಅದರ ಅರ್ಥವೂ ಇದೇ. ಆದ್ದರಿಂದ ಕಂಪನಿಯ ಸೇವಾ ಕೇಂದ್ರದವರನ್ನು ಸಂಕೋಚವಿಲ್ಲದೆ ಕೇಳಿ. ಇಲ್ಲವೇ ಮಾಲಿನ್ಯ ನಿಯಂತ್ರಣ ಮಂಡಳಿಯ ನೋಂದಣಿ ಇರುವ ಮರುಬಳಕೆದಾರರಿಗೆ ಒಪ್ಪಿಸಿ. ಅಲ್ಲಿ ಉಳಿದ ಚಾರ್ಜನ್ನು ಇಳಿಸಿ, ಪುಡಿಮಾಡಿ, ಕಪ್ಪು ಹುಡಿಯಿಂದ ಕೋಬಾಲ್ಟ್, ನಿಕ್ಕಲ್, ಲಿಥಿಯಂಗಳನ್ನು ಬಿಡಿಸುತ್ತಾರೆ. ಜಗತ್ತಿನ ಕೋಬಾಲ್ಟಿನ ಬಹುಪಾಲು ಬರುವುದು ದೂರದ ಕಾಂಗೋದ ಗಣಿಗಳಿಂದ. ಗುಜರಿಯವರು ಬೇಡವೆಂದದ್ದು ಅಂಥ ಸರಕನ್ನು!

ನನ್ನದನ್ನು ಕಳೆದ ವಾರ ಟೇಪ್ ಸುತ್ತಿ ಸೇವಾ ಕೇಂದ್ರಕ್ಕೆ ಒಯ್ದೆ. ಕೌಂಟರಿನಲ್ಲಿದ್ದ ಹುಡುಗ ತೆಗೆದುಕೊಂಡು, "ಇನ್ನೂ ಇವೆಯಾ ಸರ್?" ಎಂದು ಕೇಳಿದ. ಮನೆಗೆ ಬಂದು ಹುಡುಕಿದರೆ ಎರಡು ಹಳೆಯ ಮೊಬೈಲುಗಳು ಸಿಕ್ಕಿವೆ.

ನಮಸ್ಕಾರ.