ಬ್ರೇನ್ ಹ್ಯಾಮರೇಜ್‌ಗೆ ಸ್ಟೆಮ್ ಸೆಲ್, ಆಕ್ಸಿಜನ್: ದುಡ್ಡು ಕೊಡುವ ಮುಂಚೆ

ಕೇಳುಗರಿಗೆಲ್ಲ ನಮಸ್ಕಾರ. ಮನೆಯಲ್ಲಿ ಬ್ರೇನ್ ಹ್ಯಾಮರೇಜ್ ಆದವರು ಇದ್ದರೆ ಇವತ್ತಿನ ಮಾತು ನಿಮಗೇ. "ಸ್ಟೆಮ್ ಸೆಲ್, ಆಕ್ಸಿಜನ್ ಎರಡೂ ಸೇರಿಸಿ ಕೊಟ್ಟರೆ ವಾಸಿಯಾಗುತ್ತಂತೆ, ಹೌದಾ?" ಅಂತ ಜನ ಕೇಳುತ್ತಲೇ ಇರುತ್ತಾರೆ. ಸ್ಟೆಮ್ ಸೆಲ್ ಅಂದರೆ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಇದಿನ್ನೂ ಪ್ರಯೋಗ. ಪ್ರಯೋಗಕ್ಕೆ ದುಡ್ಡು ಕೊಡಬೇಡಿ.

ಯೋಚನೆ ಮಾತ್ರ ಸೊಗಸಾಗಿದೆ. ತಲೆಯೊಳಗೆ ರಕ್ತನಾಳ ಒಡೆದಾಗ ರಕ್ತ ಹೆಪ್ಪುಗಟ್ಟಿ ಅಕ್ಕಪಕ್ಕದ ಭಾಗವನ್ನು ಒತ್ತುತ್ತದೆ. ಸುತ್ತ ಊತ ಬರುತ್ತದೆ. ಅಂಥ ಜಾಗಕ್ಕೆ ಬೋನ್ ಮ್ಯಾರೋ ಅಂದರೆ ಮೂಳೆಯೊಳಗಿನ ಮಜ್ಜೆಯಿಂದಲೋ ಹೊಕ್ಕುಳಬಳ್ಳಿಯಿಂದಲೋ ತೆಗೆದ ಈ ಕೋಶ ಹಾಕಿದರೆ ಬಹಳಷ್ಟು ಸತ್ತೇ ಹೋಗುತ್ತವೆ, ನೀರಿಲ್ಲದ ಗದ್ದೆಗೆ ಪೈರು ನೆಟ್ಟ ಹಾಗೆ. ಆ ನೀರೇ ಆಕ್ಸಿಜನ್. ರೋಗಿಯನ್ನು ಚೇಂಬರ್‌ನಲ್ಲಿ ಮಲಗಿಸಿ, ಗಾಳಿಯ ಒತ್ತಡ ಏರಿಸಿ ಶುದ್ಧ ಆಕ್ಸಿಜನ್ ಕೊಟ್ಟರೆ, ಅದು ಕೆಂಪು ರಕ್ತಕಣಗಳಿಗಷ್ಟೇ ಅಂಟದೆ ರಕ್ತದ ನೀರಿನಲ್ಲೂ ಕರಗುತ್ತದೆ. ಈ ಚಿಕಿತ್ಸೆ ನಮ್ಮದೇ ಬೋನ್ ಮ್ಯಾರೋದ ಸ್ಟೆಮ್ ಸೆಲ್‌ಗಳನ್ನು ರಕ್ತಕ್ಕೆ ಇಳಿಸುತ್ತದೆ ಅಂತ ಅಮೆರಿಕದ ಸಂಶೋಧಕರು 2006ರಲ್ಲೇ ತೋರಿಸಿದರು. ನನಗೆ ತುಂಬಾ ಇಷ್ಟದ ವಿಷಯ ಇದು, ಗಂಟೆಗಟ್ಟಲೆ ಮಾತಾಡಬಲ್ಲೆ. ಆದರೆ ಪ್ರಾಣಿಗಳ ಮೇಲೆ ನಡೆಯುವ ಪ್ರಯೋಗ ಬೇರೆ, ನಿಮ್ಮ ಅಮ್ಮ ಬೇರೆ.

ಅಮ್ಮ ಅಂದಾಗ ನೆನಪಾಯಿತು. ಹನುಮಂತನಗರದ ಕಡೆಯ ಒಬ್ಬ ಹುಡುಗ ಬಂದಿದ್ದ. ತಾಯಿಗೆ ಬಿಪಿ ಇತ್ತು. ತಲೆನೋವು ಹೋಯಿತು ಅಂತ ಮಾತ್ರೆ ನಿಲ್ಲಿಸಿಬಿಟ್ಟಿದ್ದರು. ಒಂದು ಬೆಳಿಗ್ಗೆ ಒಲೆ ಮುಂದೆಯೇ ಕುಸಿದರು. ಜೀವ ಉಳಿಯಿತು, ಬಲಗೈ ಬಿದ್ದುಹೋಯಿತು. ಹುಡುಗ ನನ್ನ ಮೇಜಿನ ಮೇಲೆ ಒಂದು ಬಣ್ಣದ ಪಾಂಪ್ಲೆಟ್ ಇಟ್ಟ. ಗಾಜಿನ ಚೇಂಬರ್, ಒಳಗೆ ನಗುತ್ತಾ ಮಲಗಿದ ಯಾರೋ ಒಬ್ಬರು. ಕೆಳಗೆ ಪ್ಯಾಕೇಜ್ ರೇಟು. "ಡಾಕ್ಟ್ರೇ, ಮಾಗಡಿ ರೋಡ್ ಕಡೆ ಅಪ್ಪ ಮಾಡಿದ್ದ ಸೈಟಿದೆ. ಮಾರಿಬಿಡ್ತೀನಿ" ಅಂದ. ಅಡ್ವಾನ್ಸ್ ಕೊಟ್ಟಿದ್ದೀಯಾ ಅಂದೆ. ಇಲ್ಲ, ನಾಳೆ ಅಂದ. "ಇದು ಟ್ರಯಲ್ ಅಂತಾರಲ್ಲ, ಸಿಟಿಆರ್‌ಐ ನಂಬರ್, ಅಂದ್ರೆ ಸರ್ಕಾರದ ಟ್ರಯಲ್ ಪಟ್ಟಿಯ ನಂಬರ್ ಎಷ್ಟು ಅಂತ ಕೇಳು. ಟ್ರಯಲ್ ಆದ್ರೆ ನಿನ್ನ ಹತ್ರ ದುಡ್ಡು ಯಾಕೆ ಕೇಳ್ತಾರೆ ಅಂತಾನೂ ಕೇಳು" ಅಂದೆ. ಅಲ್ಲೇ ಫೋನ್ ಮಾಡಿದ. ಆ ಕಡೆಯವರು "ಸಾರ್, ಸಾಯಂಕಾಲ ಹೇಳ್ತೀವಿ" ಅಂದರು. ಆ ಸಾಯಂಕಾಲ ಇನ್ನೂ ಬಂದಿಲ್ಲ.

ಸೈಟು ಉಳಿಯಿತು. ತಾಯಿಯನ್ನು ಫಿಜಿಯೋಥೆರಪಿಗೆ ಕಳಿಸಿದೆವು. ಆಕೆಗೆ ರಬ್ಬರ್ ಚೆಂಡು ಹಿಚುಕೋದು ಬೇಜಾರು. "ಚಪಾತಿ ಹಿಟ್ಟು ಕೊಡಿ" ಅಂದರಂತೆ. ಈಗ ದಿನಾ ಅದನ್ನೇ ನಾದುತ್ತಾರೆ. ಉಂಡೆ ಸೊಟ್ಟ ಬರುತ್ತದೆ, ಆದರೂ ಮಗ ತಿನ್ನುತ್ತಾನೆ.

ಸಮಯ ಮುಗೀತು ಅಂತ ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. ಇನ್ನೂ ಮುಖ್ಯವಾದದ್ದೇ ಬಾಕಿ ಇದೆ, ಬೇಗ ಹೇಳುತ್ತೇನೆ. ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ, ರಕ್ತದ ಕಾಯಿಲೆಯಂಥ ಕೆಲವನ್ನು ಬಿಟ್ಟರೆ ಸ್ಟೆಮ್ ಸೆಲ್ ಇನ್ನೂ ಚಿಕಿತ್ಸೆಯಲ್ಲ. ಟ್ರಯಲ್‌ಗೆ ಸೇರಿಸಿಕೊಂಡ ರೋಗಿಯ ಹತ್ತಿರ ಅದಕ್ಕೆ ದುಡ್ಡು ಕೇಳುವಂತಿಲ್ಲ. ಕೇಳಿದರೆ ಎದ್ದು ಬನ್ನಿ. ಇಷ್ಟು ಸಲ ಯಾಕೆ ಹೇಳುತ್ತಿದ್ದೇನೆ ಅಂದರೆ, ತಲೆ ಆಡಿಸಿ ಹೋದವರೇ ಆಮೇಲೆ ರಸೀದಿ ಹಿಡಿದು ಬರುತ್ತಾರೆ.

ಇನ್ನೊಂದು. ಮುಖ ಸೊಟ್ಟಗಾಯಿತಾ, ಕೈ ಎತ್ತಲಾಗುತ್ತಿಲ್ಲವಾ, ಮಾತು ತೊದಲುತ್ತಿದೆಯಾ? ನಿಂಬೆಹಣ್ಣಿನ ಪಾನಕ ಕುಡಿಸುತ್ತಾ ಕೂರಬೇಡಿ. ಬಾಯಿಗೆ ಏನೂ ಹಾಕಬೇಡಿ. 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ. ಬಿಪಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಅದು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. ನಮಸ್ಕಾರ.